ಲೆಕ್ಕದಿಂದ ಹುಟ್ಟುವ ನಾದ, ಕಿವಿ ಕೊಡುವ ತೀರ್ಪು

ಸಂಗೀತ ಕೇಳುವ ಅಭ್ಯಾಸವಿರುವ ಯಾರೇ ಆಗಲಿ, ಹೊಸ ರಚನೆಯೊಂದು ಕಿವಿಗೆ ಬಿದ್ದೊಡನೆ ತಮಗೆ ಅರಿವಿಲ್ಲದೆಯೇ ಕೆಲವು ಆಧಾರಗಳನ್ನು ಹುಡುಕತೊಡಗುತ್ತಾರೆ: ಶ್ರುತಿ ಎಲ್ಲಿ ನಿಂತಿದೆ, ಪೆಟ್ಟು ಎಲ್ಲಿ ಬೀಳುತ್ತಿದೆ, ಹಾಡುತ್ತಿರುವ ಕಂಠ ಅಥವಾ ನುಡಿಸುತ್ತಿರುವ ಕೈ ಯಾವುದು. ಸಾಫ್ಟ್‌ವೇರ್ ಮೂಲಕ ರೂಪುಗೊಳ್ಳುವ ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತವು ಈ ಆಧಾರಗಳಲ್ಲಿ ಒಂದನ್ನೋ ಎರಡನ್ನೋ, ಕೆಲವೊಮ್ಮೆ ಎಲ್ಲವನ್ನೂ ಕೇಳುಗರಿಂದ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಮೊದಲ ಸಲ ಕೇಳಿದವರಲ್ಲಿ ಬಹುಪಾಲು ಜನರಿಗೆ ಅದು ಕೆಟ್ಟುಹೋದ ಯಂತ್ರದ ಸದ್ದಿನಂತೆ ತೋರಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಇಲ್ಲಿ ಹೇಳುತ್ತಿರುವುದು ಚಿತ್ರಗೀತೆಗಳ ಹಿನ್ನೆಲೆಯಲ್ಲಿ ಕೀಬೋರ್ಡ್‌ನಿಂದ ಹೊಮ್ಮುವ ತಂತಿವಾದ್ಯಗಳ ಅನುಕರಣೆಯ ಬಗ್ಗೆ ಅಲ್ಲ. ಧ್ವನಿಯನ್ನೂ ಅದು ಬರಬೇಕಾದ ಕ್ರಮವನ್ನೂ ಲೆಕ್ಕದ ನಿಯಮಗಳಾಗಿ ಬರೆದು, ಆ ನಿಯಮಗಳು ನಡೆದು ತೋರಿಸಿದ್ದನ್ನೇ ಕೃತಿಯೆಂದು ಮುಂದಿಡುವ, ಕಳೆದ ಆರು ದಶಕಗಳಿಗೂ ಹೆಚ್ಚು ಕಾಲದಲ್ಲಿ ಬೆಳೆದುಬಂದ ಒಂದು ಪರಂಪರೆಯ ಬಗ್ಗೆ. ಇದನ್ನು ಕೇಳಲು ಗಣಿತದ ಪದವಿ ಬೇಕಿಲ್ಲ, ಗಮನವನ್ನು ಬೇರೊಂದು ಜಾಗದಲ್ಲಿ ಇಡಲು ಕಲಿತರೆ ಸಾಕು ಎಂಬುದನ್ನು ಈ ಪರಂಪರೆಯ ಕೆಲವು ಕೃತಿಗಳೇ ತೋರಿಸಿಕೊಡುತ್ತವೆ.

ಕಂಪ್ಯೂಟರ್ ಧ್ವನಿಯನ್ನು ಹುಟ್ಟಿಸುವ ವಿಧಾನದ ಮೂಲತತ್ತ್ವ ಸರಳವಾದುದು. ಗಾಳಿಯ ಒತ್ತಡದಲ್ಲಿ ಆಗುವ ವೇಗದ ಏರಿಳಿತವೇ ಧ್ವನಿ. ಆ ಏರಿಳಿತವನ್ನು ಅತಿ ಕಿರಿದಾದ ಕಾಲಾಂತರಗಳಲ್ಲಿ ಅಳೆದು ಒಂದೊಂದು ಅಳತೆಯನ್ನೂ ಒಂದೊಂದು ಅಂಕಿಯಾಗಿ ಬರೆದಿಟ್ಟರೆ, ಆ ಅಂಕಿಗಳ ಸಾಲಿನಿಂದ ಮೂಲ ಧ್ವನಿಯನ್ನು ಮತ್ತೆ ಪಡೆಯಬಹುದು. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ ಇಂಥ 44,100 ಅಳತೆಗಳಿರುತ್ತವೆ, ಇವನ್ನೇ ಸ್ಯಾಂಪಲ್‌ಗಳೆನ್ನುತ್ತಾರೆ. ಅಳೆದು ಪಡೆದ ಅಂಕಿಗಳಿಂದ ಧ್ವನಿ ಹುಟ್ಟುವುದಾದರೆ, ಯಾವ ವಾದ್ಯವನ್ನೂ ಅಳೆಯದೆ ಕೇವಲ ಲೆಕ್ಕ ಹಾಕಿ ಪಡೆದ ಅಂಕಿಗಳಿಂದಲೂ ಹುಟ್ಟಲೇಬೇಕು ಎಂಬ ತರ್ಕವನ್ನು ಮೊದಲು ಕಾರ್ಯರೂಪಕ್ಕೆ ತಂದವರು ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್. 1957ರಲ್ಲಿ ಅವರು ಬರೆದ ‘ಮ್ಯೂಸಿಕ್’ ಎಂಬ ಪ್ರೋಗ್ರಾಮ್ ಐ.ಬಿ.ಎಂ. 704 ಯಂತ್ರದಲ್ಲಿ ನಡೆದಾಗ ಹೊರಬಂದ, ಸಹೋದ್ಯೋಗಿ ನ್ಯೂಮನ್ ಗಟ್‌ಮನ್ ಅವರ ರಚನೆ ಅರ್ಧ ನಿಮಿಷದಷ್ಟೂ ಇರಲಿಲ್ಲ. ಲೆಕ್ಕ ಮಾಡುವ ಯಂತ್ರ ನ್ಯೂಯಾರ್ಕ್ ನಗರದಲ್ಲಿ, ಅಂಕಿಗಳನ್ನು ಧ್ವನಿಯಾಗಿ ಪರಿವರ್ತಿಸುವ ಉಪಕರಣ ನ್ಯೂಜೆರ್ಸಿಯಲ್ಲಿ ಇದ್ದುದರಿಂದ, ಬರೆದದ್ದು ಹೇಗೆ ಕೇಳುತ್ತದೆಂದು ತಿಳಿಯಲು ಟೇಪನ್ನು ಹೊತ್ತು ಪ್ರಯಾಣ ಮಾಡಬೇಕಾಗಿತ್ತು. ಬರೆಯುವುದಕ್ಕೂ ಕೇಳುವುದಕ್ಕೂ ನಡುವೆ ಇದ್ದ ಈ ಅಂತರವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ನಾಲ್ಕು ದಶಕಗಳ ಇತಿಹಾಸವೆಲ್ಲ ಒಂದು ಅರ್ಥದಲ್ಲಿ ಆ ಅಂತರ ಕಿರಿದಾಗುತ್ತ ಹೋದ ಇತಿಹಾಸವೇ ಆಗಿದೆ.

ಯಾವ ಧ್ವನಿಯನ್ನಾದರೂ ಅಂಕಿಗಳಿಂದ ಕಟ್ಟಬಹುದೆಂಬುದು ತತ್ತ್ವದಲ್ಲಿ ನಿಜವಾದರೂ, ಯಾವ ಅಂಕಿಗಳನ್ನು ಬರೆದರೆ ಕಿವಿ ಒಪ್ಪುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಈ ಪ್ರಶ್ನೆಯನ್ನು ಬೆನ್ನಟ್ಟಿದವರಲ್ಲಿ ಫ್ರಾನ್ಸಿನ ಸಂಯೋಜಕ ಹಾಗೂ ವಿಜ್ಞಾನಿ ಜಾನ್ ಕ್ಲೋದ್ ರಿಸೆ ಮುಖ್ಯರು. 1960ರ ದಶಕದಲ್ಲಿ ಬೆಲ್ ಪ್ರಯೋಗಾಲಯಕ್ಕೆ ಬಂದ ಅವರು ಟ್ರಂಪೆಟ್ ವಾದ್ಯದ ಧ್ವನಿಯನ್ನು ಬಿಡಿಸಿ ನೋಡಿದರು. ಯಾವುದೇ ಸ್ವರವು ತನ್ನ ಮೂಲ ಕಂಪನದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಉಪಸ್ವರಗಳನ್ನೂ ಹೊತ್ತಿರುತ್ತದೆ, ಮತ್ತು ಒಂದೇ ಷಡ್ಜವನ್ನು ವೀಣೆ ಮತ್ತು ಕೊಳಲು ನುಡಿಸಿದಾಗ ಅವು ಬೇರೆಬೇರೆಯಾಗಿ ಕೇಳುವಂತೆ ಮಾಡುವ ನಾದಗುಣವು ಬಹುಮಟ್ಟಿಗೆ ಈ ಉಪಸ್ವರಗಳ ಪ್ರಮಾಣದಿಂದ ನಿರ್ಧಾರವಾಗುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಿಂದಲೇ ತಿಳಿದಿದ್ದ ಸಂಗತಿ. ಆದರೆ ಆ ಪ್ರಮಾಣಗಳನ್ನು ಸ್ಥಿರವಾಗಿಟ್ಟು ಕಟ್ಟಿದ ಟ್ರಂಪೆಟ್ ಟ್ರಂಪೆಟ್ಟಿನಂತೆ ಕೇಳುತ್ತಿರಲಿಲ್ಲ. ಧ್ವನಿ ಜೋರಾದಂತೆಲ್ಲ ಮೇಲಿನ ಉಪಸ್ವರಗಳು ಹೆಚ್ಚು ಪ್ರಬಲವಾಗುತ್ತವೆ, ಒಂದೊಂದೂ ತನ್ನದೇ ವೇಗದಲ್ಲಿ ಏರಿ ಇಳಿಯುತ್ತದೆ, ಮತ್ತು ಕಿವಿ ವಾದ್ಯವನ್ನು ಗುರುತಿಸುವುದು ಈ ಚಲನೆಯಿಂದಲೇ ಹೊರತು ಸ್ಥಿರವಾದ ಮಿಶ್ರಣದಿಂದಲ್ಲ ಎಂದು ರಿಸೆ ಕಂಡುಕೊಂಡರು. ಕೇಳುಗರಿಗೆ ಇದರಿಂದ ಸಿಗುವ ತಿಳಿವಳಿಕೆ ದೊಡ್ಡದು: ನಾದಗುಣವೆಂಬುದು ಸ್ವರಕ್ಕೆ ಬಳಿದ ಬಣ್ಣವಲ್ಲ, ಸ್ವರದ ಒಳಗೇ ನಡೆಯುತ್ತಿರುವ ಒಂದು ಘಟನೆ, ಆದ್ದರಿಂದ ರಾಗವನ್ನು ಹಿಂಬಾಲಿಸುವಂತೆ ಅದನ್ನೂ ಹಿಂಬಾಲಿಸಬಹುದು.

ರಿಸೆ 1968ರಲ್ಲಿ ರಚಿಸಿದ ‘ಲಿಟ್ಲ್ ಬಾಯ್’ ಕೃತಿಯಲ್ಲಿ ಈ ತಿಳಿವಳಿಕೆ ಕಲೆಯಾಗಿ ನಿಂತಿದೆ. ಲಿಟ್ಲ್ ಬಾಯ್ ಎಂಬುದು 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಹೆಸರು. ಆ ಕಾರ್ಯಾಚರಣೆಯಲ್ಲಿ ಪಾಲ್ಗೊಂಡ ವೈಮಾನಿಕನೊಬ್ಬನ ದುಃಸ್ವಪ್ನಗಳನ್ನು ಕುರಿತ ನಾಟಕಕ್ಕಾಗಿ ಈ ಸಂಗೀತ ಸಿದ್ಧವಾಯಿತು. ಬಾಂಬು ಬೀಳುವ ಭಾಗದಲ್ಲಿ ಧ್ವನಿಯೊಂದು ಕೆಳಕ್ಕೆ ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ, ಎಷ್ಟು ಹೊತ್ತಾದರೂ ತಳ ಮುಟ್ಟುವುದಿಲ್ಲ. ಮನಶ್ಶಾಸ್ತ್ರಜ್ಞ ರೋಜರ್ ಶೆಪರ್ಡ್ 1964ರಲ್ಲಿ ವಿವರಿಸಿದ್ದ ಶ್ರವಣಭ್ರಮೆಯೊಂದನ್ನು ರಿಸೆ ಇಲ್ಲಿ ಬೆಳೆಸಿದ್ದಾರೆ: ಒಂದೊಂದು ಸ್ಥಾಯಿಯ ಅಂತರದಲ್ಲಿರುವ ಅನೇಕ ಧ್ವನಿಗಳು ಒಟ್ಟಿಗೆ ಜಾರುತ್ತಿರುವಾಗ, ತೀರ ಕೆಳಗಿನದು ಕೇಳದಷ್ಟು ಕ್ಷೀಣಿಸಿ ಮರೆಯಾಗುತ್ತದೆ ಮತ್ತು ತೀರ ಮೇಲಿನದು ಅಷ್ಟೇ ಮೆಲ್ಲಗೆ ಬಂದು ಸೇರುತ್ತದೆ, ಈ ಬರಹೋಗುಗಳು ಗಮನಕ್ಕೆ ಬಾರದ ಕಾರಣ ಕಿವಿಗೆ ಅಂತ್ಯವಿಲ್ಲದ ಪತನವೊಂದೇ ಉಳಿಯುತ್ತದೆ. ಇದನ್ನು ಹೀಗೆ ನಿಖರವಾಗಿ ಮಾಡುವುದು ಯಾವ ವಾದ್ಯಗಾರನಿಗೂ ಕಷ್ಟಸಾಧ್ಯ. ಆ ವೈಮಾನಿಕನ ಮನಸ್ಸಿನಲ್ಲಿ ಬಾಂಬು ಇನ್ನೂ ಬೀಳುತ್ತಲೇ ಇದೆ ಎಂಬ ಸಂಗತಿಯನ್ನು ಹೇಳುವುದಕ್ಕೆ ಇದಕ್ಕಿಂತ ತಕ್ಕ ಉಪಾಯವೂ ಇರಲಾರದು. ತಂತ್ರ ಮತ್ತು ಅರ್ಥ ಇಷ್ಟು ಹತ್ತಿರ ಬಂದ ಉದಾಹರಣೆಗಳು ಈ ಪರಂಪರೆಯಲ್ಲಿ ಹೆಚ್ಚಿಲ್ಲ.

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಚೌನಿಂಗ್ ಸಂಗೀತಗಾರರಾಗಿ ತರಬೇತಿ ಪಡೆದವರೇ ಹೊರತು ಎಂಜಿನಿಯರ್ ಅಲ್ಲ. 1967ರಲ್ಲಿ ಅವರು ಕಂಪ್ಯೂಟರಿನ ಮೂಲಕ ಒಂದು ಸ್ವರಕ್ಕೆ ಕಂಪನ ಕೊಟ್ಟು, ಆ ಕಂಪನದ ವೇಗವನ್ನೂ ವಿಸ್ತಾರವನ್ನೂ ಮಿತಿಮೀರಿ ಏರಿಸುತ್ತ ಹೋದರು. ಸೆಕೆಂಡಿಗೆ ಐದಾರು ಸಲ ಅಲುಗುವ ಸ್ವರ ಕಿವಿಗೆ ಅಲುಗುವ ಸ್ವರವಾಗಿಯೇ ಕೇಳುತ್ತದೆ. ಆದರೆ ಆ ಅಲುಗಾಟ ಸೆಕೆಂಡಿಗೆ ನೂರಾರು ಸಲಕ್ಕೆ ಏರಿದಾಗ ಕಿವಿ ಅದನ್ನು ಚಲನೆಯಾಗಿ ಗ್ರಹಿಸಲಾರದೆ ಹೊಸದೊಂದು ನಾದಗುಣವಾಗಿ ಗ್ರಹಿಸುತ್ತದೆ. ಸ್ವರದ ಮೂಲ ಕಂಪನ ಮತ್ತು ಈ ಅಲುಗಾಟ ಎರಡರ ವೇಗ ಸರಳ ಪೂರ್ಣಾಂಕಗಳ ಅನುಪಾತದಲ್ಲಿದ್ದರೆ ತಂತಿ ಅಥವಾ ಊದುವ ವಾದ್ಯಗಳನ್ನು ಹೋಲುವ ಧ್ವನಿಯೂ, ಅನುಪಾತ ಸರಳವಲ್ಲದಿದ್ದರೆ ಗಂಟೆ ಜಾಗಟೆಗಳನ್ನು ಹೋಲುವ ಧ್ವನಿಯೂ ಹುಟ್ಟುತ್ತದೆ. ಎಫ್.ಎಂ. ಸಿಂಥೆಸಿಸ್ ಎಂದು ಹೆಸರಾದ ಈ ವಿಧಾನವನ್ನು ಜಪಾನಿನ ಯಮಾಹಾ ಕಂಪನಿ ಪರವಾನಗಿ ಪಡೆದು 1983ರಲ್ಲಿ ಡಿ.ಎಕ್ಸ್.7 ಕೀಬೋರ್ಡಿನಲ್ಲಿ ಅಳವಡಿಸಿದ ಮೇಲೆ ಅದು ಜಗತ್ತಿನ ಜನಪ್ರಿಯ ಸಂಗೀತದಲ್ಲೆಲ್ಲ ಹರಡಿತು. ಇಲ್ಲಿ ಗಮನಿಸಬೇಕಾದದ್ದು ಬೇರೆ: ಈ ಆವಿಷ್ಕಾರ ಸೂತ್ರದಿಂದ ಹೊರಟು ಕಿವಿಗೆ ಬಂದದ್ದಲ್ಲ, ಕಿವಿಯಿಂದ ಹೊರಟು ಆಮೇಲೆ ಸೂತ್ರದಲ್ಲಿ ವಿವರಣೆ ಕಂಡದ್ದು.

ಚೌನಿಂಗ್ ಅವರ ‘ಸ್ಟ್ರಿಯಾ’ 1977ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕೇಳಿಬಂತು. ಸಾಮಾನ್ಯವಾಗಿ ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಕಂಪನದ ವೇಗ ಎರಡು ಪಟ್ಟಾಗುತ್ತದೆ. ಪ್ರಪಂಚದ ಬಹುತೇಕ ಸಂಗೀತಪದ್ಧತಿಗಳು ಈ ಎರಡರ ಅನುಪಾತವನ್ನು ಅಡಿಪಾಯವಾಗಿ ಒಪ್ಪಿವೆ. ‘ಸ್ಟ್ರಿಯಾ’ದಲ್ಲಿ ಆ ಜಾಗದಲ್ಲಿ 1.618 ಎಂಬ, ಸುವರ್ಣ ಅನುಪಾತವೆಂದು ಕರೆಯಲಾಗುವ ಸಂಖ್ಯೆಯಿದೆ, ಮತ್ತು ಪ್ರತಿ ಧ್ವನಿಯ ಒಳಗಿನ ಉಪಸ್ವರಗಳನ್ನು ನಿರ್ಧರಿಸುವುದೂ ಅದೇ ಸಂಖ್ಯೆ. ಸ್ವರಗಳ ನಡುವಿನ ಅಂತರ ಮತ್ತು ಸ್ವರದೊಳಗಿನ ನಾದಗುಣ ಎರಡೂ ಒಂದೇ ಮೂಲದಿಂದ ಬಂದಿರುವುದರಿಂದ, ಸಾಮಾನ್ಯ ಕಿವಿಗೆ ಅಪಸ್ವರವೆನಿಸಬೇಕಾದ ಧ್ವನಿಗಳು ಒಂದರ ಮೇಲೊಂದು ನಿಧಾನವಾಗಿ ಹರಡಿಕೊಂಡಾಗ ಕರ್ಕಶವಾಗದೆ ವಿಚಿತ್ರವಾದ ಪ್ರಶಾಂತತೆಯೊಂದನ್ನು ಪಡೆಯುತ್ತವೆ. ಸಂಖ್ಯೆ ಗೊತ್ತಿಲ್ಲದವರಿಗೂ ಆ ಹೊಂದಿಕೆ ಕೇಳುತ್ತದೆ. ಸುವರ್ಣ ಅನುಪಾತದ ಹೆಸರಿನಲ್ಲಿ ಚಿತ್ರಕಲೆ ಮತ್ತು ವಾಸ್ತುಶಿಲ್ಪದ ಬಗ್ಗೆ ಎಷ್ಟೋ ಆಧಾರವಿಲ್ಲದ ಮಾತುಗಳು ಚಲಾವಣೆಯಲ್ಲಿವೆ; ಇಲ್ಲಿ ಮಾತ್ರ ಅದು ಕೇಳುಗರ ಅನುಭವಕ್ಕೆ ನೇರವಾಗಿ ಬರುವ ಕೆಲಸವನ್ನು ಮಾಡಿದೆ.

ನಾದಗುಣದ ಒಳಗಿನ ಚಲನೆಯನ್ನು ಆಲಿಸುವುದು ಕರ್ನಾಟಕದ ಕೇಳುಗರಿಗೆ ಹೊಸ ವಿದ್ಯೆಯೇನಲ್ಲ. ಕಛೇರಿ ಆರಂಭವಾಗುವ ಮುನ್ನ ತಂಬೂರಿಯನ್ನು ಶ್ರುತಿ ಮಾಡುವಾಗ, ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸಿದ ಸಣ್ಣ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದಕ್ಕೆ ಜೀವ ಬರುವವರೆಗೂ ಕಾಯುವವರು ಮಾಡುವುದು ಇದನ್ನೇ. ಸರ್ ಸಿ.ವಿ. ರಾಮನ್ ಕೋಲ್ಕತ್ತದಲ್ಲಿದ್ದಾಗ 1921ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ತಂಬೂರಿ ಮತ್ತು ವೀಣೆಯ ಕುದುರೆಯ ರಚನೆಯನ್ನು ಪರಿಶೀಲಿಸಿ, ಮೀಟಿದ ಸ್ಥಳದಿಂದಾಗಿ ಕೇಳಬಾರದಾಗಿದ್ದ ಉಪಸ್ವರಗಳೂ ಈ ವಾದ್ಯಗಳಲ್ಲಿ ಬಲವಾಗಿ ಕೇಳುತ್ತವೆ ಎಂದು ತೋರಿಸಿದರು. ತಂತಿಯು ಕುದುರೆಯ ಬಾಗಿದ ಮೈಯನ್ನು ಸವರುತ್ತ ಕಂಪಿಸುವುದರಿಂದ ಉಪಸ್ವರಗಳು ಒಂದಾದ ಮೇಲೊಂದರಂತೆ ಅರಳುತ್ತವೆ. ತಂಬೂರಿಯನ್ನು ಹಾಡಿಗೆ ಆಧಾರವೆಂದಷ್ಟೇ ತಿಳಿಯದೆ ಅದೊಂದನ್ನೇ ಹತ್ತು ನಿಮಿಷ ಕೇಳಿದವರಿಗೆ ‘ಸ್ಟ್ರಿಯಾ’ದ ಬಾಗಿಲು ಅರ್ಧ ತೆರೆದೇ ಇರುತ್ತದೆ.

ರಿಸೆ ಮತ್ತು ಚೌನಿಂಗ್ ಅವರ ಕಾಲದಲ್ಲೇ ಇನ್ನೊಂದು ದಾರಿಯೂ ತೆರೆದಿತ್ತು. ಧ್ವನಿಯನ್ನು ಉದ್ದನೆಯ ಸ್ವರವಾಗಿ ಕಲ್ಪಿಸಿಕೊಳ್ಳದೆ, ಸೆಕೆಂಡಿನ ಸಾವಿರದ ಒಂದು ಭಾಗದಿಂದ ಹತ್ತರ ಒಂದು ಭಾಗದವರೆಗೆ ಬಾಳುವ ಕಣಗಳ ಸಮೂಹವಾಗಿ ಕಲ್ಪಿಸಿಕೊಳ್ಳುವ ಈ ವಿಧಾನಕ್ಕೆ ಭೌತವಿಜ್ಞಾನಿ ಡೆನಿಸ್ ಗಾಬೋರ್ 1940ರ ದಶಕದಲ್ಲಿ ಮಂಡಿಸಿದ ಸಿದ್ಧಾಂತ ತಳಹದಿಯಾಯಿತು. ಗ್ರೀಕ್ ಮೂಲದ ಸಂಯೋಜಕ ಯಾನಿಸ್ ಕ್ಸೆನಾಕಿಸ್ ಅದನ್ನು ಸಂಗೀತಕ್ಕೆ ತಂದರು, ಅಮೆರಿಕದ ಸಂಯೋಜಕ ಕರ್ಟಿಸ್ ರೋಡ್ಸ್ 1970ರ ದಶಕದಲ್ಲಿ ಕಂಪ್ಯೂಟರಿಗೆ ಅಳವಡಿಸಿದರು. ಗಟ್ಟಿ ನೆಲದ ಮೇಲೆ ಬೀಳುವ ಆಲಿಕಲ್ಲುಗಳ ಸದ್ದು, ಬೇಸಗೆಯ ಹೊಲದಲ್ಲಿ ಜೀರುಂಡೆಗಳ ದನಿ ಇವನ್ನು ಕ್ಸೆನಾಕಿಸ್ ತಮ್ಮ ಮಾದರಿಗಳೆಂದು ಹೆಸರಿಸಿದ್ದರು. ಅಲ್ಲಿ ಒಂದೊಂದು ಸದ್ದಿಗೂ ಪ್ರತ್ಯೇಕ ಮಹತ್ತ್ವವಿಲ್ಲ, ಒಟ್ಟು ಸಮೂಹದ ದಟ್ಟಣೆ ಮತ್ತು ಚಲನೆಯೇ ಸಂಗೀತ. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಇನ್ನೂ ಮುಂದೆ ಹೋಗಿ, ಧ್ವನಿತರಂಗದ ಆಕಾರವೇ ಕ್ಷಣಕ್ಷಣಕ್ಕೂ ಸಂಭವನೀಯತೆಯ ನಿಯಮಗಳಂತೆ ಅಡ್ಡಾದಿಡ್ಡಿಯಾಗಿ ಬದಲಾಗುವ ಪ್ರೋಗ್ರಾಮೊಂದನ್ನು ಬರೆದು, ಅದರಿಂದ 1991ರಲ್ಲಿ ‘ಜೆಂಡಿ 3’ ಎಂಬ ಕೃತಿಯನ್ನು ಪಡೆದರು. ಅದು ಒರಟಾದ, ಕೆಲವೊಮ್ಮೆ ಸಹಿಸಲು ಕಷ್ಟವಾದ ಸಂಗೀತ. ಇದರಿಂದ ಆರಂಭಿಸುವುದು ಹೊಸಬರಿಗೆ ಸೂಕ್ತವಲ್ಲ.

ಬರೆದದ್ದು ಬರೆದ ಕ್ಷಣವೇ ಕೇಳಿಸುವಂತಾದದ್ದು ‘ಮ್ಯಾಕ್ಸ್’ ಎಂಬ ಸಾಫ್ಟ್‌ವೇರ್ ಬಂದ ಮೇಲೆ. ಪ್ಯಾರಿಸ್ಸಿನ ಇರ್ಕಾಂ ಸಂಸ್ಥೆಯಲ್ಲಿ 1980ರ ದಶಕದ ಮಧ್ಯಭಾಗದಲ್ಲಿ ಮಿಲ್ಲರ್ ಪಕೆಟ್ ರೂಪಿಸಿದ ಈ ಸಾಫ್ಟ್‌ವೇರಿಗೆ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರನ್ನೇ ಇಡಲಾಯಿತು. ಇದರಲ್ಲಿ ಕೋಡ್ ಬರೆಯುವ ಬದಲು ಪರದೆಯ ಮೇಲೆ ಚೌಕಗಳನ್ನಿಟ್ಟು ಅವುಗಳನ್ನು ಗೆರೆಗಳಿಂದ ಜೋಡಿಸುತ್ತಾರೆ. ಒಂದು ಚೌಕ ಎಣಿಸುತ್ತದೆ, ಇನ್ನೊಂದು ಯಾದೃಚ್ಛಿಕ ಸಂಖ್ಯೆ ಕೊಡುತ್ತದೆ, ಮತ್ತೊಂದು ಧ್ವನಿ ಹೊಮ್ಮಿಸುತ್ತದೆ. 1997ರಲ್ಲಿ ಇದಕ್ಕೆ ಎಂ.ಎಸ್.ಪಿ. ಎಂಬ ಭಾಗ ಸೇರಿದ ಮೇಲೆ ಸಾಮಾನ್ಯ ಕಂಪ್ಯೂಟರೊಂದೇ ಇಡೀ ಸ್ಟುಡಿಯೋದ ಕೆಲಸ ಮಾಡತೊಡಗಿತು, ಮತ್ತು ಈ ಸಂಗೀತವು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಿಂದ ಮನೆಗಳಿಗೆ, ನೃತ್ಯಸಂಗೀತ ಕೇಳಿ ಬೆಳೆದ ಯುವಕರ ಕೈಗೆ ಬಂತು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ರಾಚ್‌ಡೇಲ್‌ನಿಂದ ಬಂದ ಶಾನ್ ಬೂತ್ ಮತ್ತು ರಾಬ್ ಬ್ರೌನ್ ಜೋಡಿ ಅಂಥವರಲ್ಲಿ ಒಂದು. ‘ಆಟೆಕರ್’ ಎಂಬ ಹೆಸರಿನಲ್ಲಿ ಇವರ ಸಂಗೀತ ಷೆಫೀಲ್ಡ್‌ನಲ್ಲಿ ಆರಂಭವಾದ ವಾರ್ಪ್ ಸಂಸ್ಥೆಯಿಂದ ಪ್ರಕಟವಾಗುತ್ತ ಬಂದಿದೆ. 1994ರಲ್ಲಿ ಬ್ರಿಟನ್ನಿನ ಸರಕಾರ ಬಯಲಿನ ನೃತ್ಯಕೂಟಗಳನ್ನು ಹತ್ತಿಕ್ಕಲು ತಂದ ಕಾನೂನಿನಲ್ಲಿ ನಿಷೇಧಕ್ಕೆ ಒಳಪಡುವ ಸಂಗೀತವನ್ನು ಒಂದೇ ಬಗೆಯಾಗಿ ಮರಳಿ ಮರಳಿ ಬರುವ ಪೆಟ್ಟುಗಳ ಆಧಾರದಿಂದ ಗುರುತಿಸಲಾಗಿತ್ತು. ಅದಕ್ಕೆ ಪ್ರತಿಭಟನೆಯಾಗಿ ಆಟೆಕರ್ ಹೊರತಂದ ಧ್ವನಿಮುದ್ರಿಕೆಯಲ್ಲಿ ‘ಫ್ಲಟರ್’ ಎಂಬ ರಚನೆಯ ಯಾವ ಎರಡು ಆವರ್ತಗಳಲ್ಲೂ ಪೆಟ್ಟುಗಳು ಒಂದೇ ರೀತಿ ಬೀಳದಂತೆ ಜೋಡಿಸಲಾಗಿತ್ತು. ಕೇಳುವವರಿಗೆ ಅದು ನೃತ್ಯಸಂಗೀತವೆಂದೇ ಅನಿಸುತ್ತದೆ, ಕಾಲು ತಾಳ ಹಾಕುತ್ತದೆ, ಆದರೆ ಪೆಟ್ಟುಗಳ ಪುನರಾವರ್ತನೆ ಎಲ್ಲಿಯೂ ಇಲ್ಲ. ತಾಳದ ಅನುಭವಕ್ಕೆ ಪುನರಾವರ್ತನೆ ಅನಿವಾರ್ಯವಲ್ಲ, ಒಂದೇ ಸ್ವಭಾವ ಉಳಿದುಬಂದರೆ ಸಾಕು ಎಂಬುದನ್ನು ಈ ರಾಜಕೀಯ ಪ್ರತಿಭಟನೆ ಕಿವಿಗೆ ಮುಟ್ಟಿಸಿತು.

2001ರ ‘ಕನ್‌ಫೀಲ್ಡ್’ ಆಲ್ಬಮ್‌ನಲ್ಲಿ ಆಟೆಕರ್ ಈ ವಿಚಾರವನ್ನು ಸಾಫ್ಟ್‌ವೇರಿಗೆ ಒಪ್ಪಿಸಿದರು. ಮ್ಯಾಕ್ಸ್‌ನಲ್ಲಿ ಕಟ್ಟಿದ ವ್ಯವಸ್ಥೆಗಳು ಪೆಟ್ಟುಗಳನ್ನು ತಾವೇ ಹುಟ್ಟಿಸುತ್ತವೆ, ಸಂಯೋಜಕರು ಆ ವ್ಯವಸ್ಥೆಗಳ ಮಿತಿಗಳನ್ನು ನಿಗದಿ ಮಾಡಿ ಅವು ನಡೆಯುವಾಗ ತಿದ್ದುತ್ತಾರೆ. ಮೊದಲ ರಚನೆಯಲ್ಲಿ ಲೋಹದ ವಸ್ತುವೊಂದು ಗಿರಗಿರನೆ ತಿರುಗಿ ನಿಲ್ಲಲು ಹವಣಿಸುವಂಥ ಸದ್ದುಗಳು ಬಹಳ ಹೊತ್ತು ನಡೆದ ಮೇಲೆ ಅವುಗಳ ನಡುವಿನಿಂದ ಮೃದುವಾದ ಸ್ವರಮಾಲೆಯೊಂದು ಮೂಡುತ್ತದೆ. ಇಂಥ ರಚನೆಯಲ್ಲಿ ಸಮ ಎಲ್ಲಿದೆಯೆಂದು ಹುಡುಕುತ್ತ ಕೂತರೆ ಸೋಲು ಖಚಿತ; ಅದರ ಬದಲು ಸದ್ದುಗಳು ಯಾವಾಗ ದಟ್ಟವಾಗುತ್ತವೆ, ಯಾವಾಗ ತೆಳುವಾಗುತ್ತವೆ, ಒಂದು ಸದ್ದು ಜೋರಾದಾಗ ಇನ್ನೊಂದು ಹಿಂದೆ ಸರಿಯುತ್ತದೆಯೇ, ಸ್ವರಮಾಲೆಗೂ ಲೋಹದ ಸದ್ದಿಗೂ ಯಾವುದಾದರೂ ಸಂಬಂಧವಿದೆಯೇ ಎಂದು ಗಮನಿಸತೊಡಗಿದರೆ, ಮೂರನೆಯ ಸಲ ಕೇಳುವಷ್ಟರಲ್ಲಿ ಗದ್ದಲವೆನಿಸಿದ್ದು ಒಂದು ನಡವಳಿಕೆಯಾಗಿ ಪರಿಚಯವಾಗುತ್ತದೆ. ನುಡಿಸುವ ಕೈಯನ್ನು ಹುಡುಕುತ್ತಿದ್ದ ಕಿವಿ ಆಗ ನಡೆಯುತ್ತಿರುವ ನಿಯಮವನ್ನು ಊಹಿಸಲು ತೊಡಗಿರುತ್ತದೆ. ಈ ಸಂಗೀತ ಕೊಡುವ ಮುಖ್ಯ ಸಂತೋಷ ಈ ಊಹೆಯಲ್ಲಿ, ಅದು ನಿಜವಾಗುವುದರಲ್ಲಿ ಮತ್ತು ಕೆಲವೊಮ್ಮೆ ಸುಳ್ಳಾಗುವುದರಲ್ಲಿ ಇದೆ.

ಕೇಳುವ ಸಾಧನದ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ವಿವರಣೆ ಪೂರ್ಣವಾಗದು. ಹಾಡೊಂದನ್ನು ಮೊಬೈಲ್ ಫೋನಿನ ಸ್ಪೀಕರಿನಲ್ಲಿ ಕೇಳಿದರೂ ಸಾಹಿತ್ಯ ಮತ್ತು ಧಾಟಿ ಉಳಿಯುತ್ತವೆ. ನಾದಗುಣವೇ ವಸ್ತುವಾಗಿರುವ ರಚನೆಯಲ್ಲಿ ಆ ಪುಟ್ಟ ಸ್ಪೀಕರ್ ಕೆಳಗಿನ ಧ್ವನಿಗಳನ್ನು ಕೈಬಿಟ್ಟಾಗ ರಚನೆಯ ಒಂದು ಭಾಗವೇ ಇಲ್ಲವಾಗುತ್ತದೆ. ಎಂ.ಪಿ.3 ಮೊದಲಾದ ಕಡತಗಳು ಕಿವಿಗೆ ಹೇಗೂ ಕೇಳಲಾರದೆಂದು ಲೆಕ್ಕ ಹಾಕಿದ ಅಂಶಗಳನ್ನು ಎಸೆದು ಗಾತ್ರ ಕಿರಿದುಗೊಳಿಸುತ್ತವೆ, ಆದರೆ ಕೇಳುವುದರ ಅಂಚಿನಲ್ಲೇ ಕೆಲಸ ಮಾಡುವ ಸಂಯೋಜಕರೂ ಇದ್ದಾರೆ. ಜಪಾನಿನ ರ‍್ಯೋಜಿ ಇಕೆಡಾ ಅವರ 1996ರ ಆಲ್ಬಮ್‌ನಲ್ಲಿ ತೀರ ಎತ್ತರದ ಸೂಕ್ಷ್ಮ ಧ್ವನಿಯೊಂದಿದ್ದು, ಅದು ಇತ್ತೆಂಬುದು ಅದು ನಿಂತುಹೋದಾಗ ಮಾತ್ರ ಅರಿವಿಗೆ ಬರುತ್ತದೆ. ವಯಸ್ಸಾದಂತೆ ಎತ್ತರದ ಧ್ವನಿಗಳನ್ನು ಕೇಳುವ ಶಕ್ತಿ ಕುಗ್ಗುವುದರಿಂದ ಇಂಥ ಧ್ವನಿಗಳು ಹದಿನೈದರ ಹುಡುಗಿಗೂ ಅವಳ ಅಜ್ಜನಿಗೂ ಅಕ್ಷರಶಃ ಒಂದೇ ಆಗಿರುವುದಿಲ್ಲ. ಕೇಳುವ ಕೋಣೆಗೂ ಇದರಲ್ಲಿ ಪಾತ್ರವಿದೆ: ಸೆಕೆಂಡಿಗೆ 5,000 ಸಲ ಕಂಪಿಸುವ ಧ್ವನಿಯ ತರಂಗದ ಉದ್ದ ಸುಮಾರು 7 ಸೆಂಟಿಮೀಟರ್ ಮಾತ್ರ. ಗೋಡೆಗಳಿಂದ ಹಿಂದಿರುಗಿದ ತರಂಗಗಳು ಅದರೊಡನೆ ಕೂಡುವುದರಿಂದ, ಸ್ಪೀಕರಿನ ಮುಂದೆ ಕುಳಿತವರು ತಲೆಯನ್ನು ತುಸು ವಾಲಿಸಿದರೂ ಧ್ವನಿ ಏರಿ ಇಳಿದಂತಾಗುತ್ತದೆ. ಕೇಳುಗರ ದೇಹ ಮತ್ತು ಕೋಣೆ ಕೃತಿಯ ಭಾಗವಾಗುವುದು ಇಲ್ಲಿ ಭೌತವಿಜ್ಞಾನದ ಸತ್ಯ.

ಈ ಸಂಗೀತದ ಕಛೇರಿಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಅಲುಗದೆ ಕುಳಿತ ಕಲಾವಿದರನ್ನು ನೋಡುತ್ತ ಏನನ್ನು ಕೇಳಬೇಕೆಂಬ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳಿವೆ. ಸೂಪರ್‌ಕೊಲೈಡರ್, ಟೈಡಲ್‌ಸೈಕಲ್ಸ್ ಮುಂತಾದ ಸಾಫ್ಟ್‌ವೇರ್ ಬಳಸಿ ಸಭೆಯ ಎದುರಿನಲ್ಲೇ ಕೋಡ್ ಬರೆಯುವ ಲೈವ್ ಕೋಡಿಂಗ್ ಕಲಾವಿದರು ತಮ್ಮ ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಂಬಿಸುತ್ತಾರೆ. ಮರೆಮಾಚಲು ಏನೂ ಇಲ್ಲವೆಂಬ ಅವರ ನಿಲುವು ಗೌರವಕ್ಕೆ ಅರ್ಹವಾದುದು. ಆಟೆಕರ್ ಜೋಡಿ ಇದಕ್ಕೆ ತದ್ವಿರುದ್ಧವಾಗಿ ಸಭಾಂಗಣದ ದೀಪಗಳನ್ನೆಲ್ಲ ಆರಿಸಿ ಕತ್ತಲಿನಲ್ಲಿ ನುಡಿಸುತ್ತದೆ. ಫ್ರಾನ್ಸಿನ ಸಂಯೋಜಕ ಪಿಯೆರ್ ಷೆಫರ್ 1966ರ ತಮ್ಮ ಗ್ರಂಥದಲ್ಲಿ ವಿವರಿಸಿದ, ಧ್ವನಿಯ ಮೂಲವನ್ನಾಗಲಿ ಅದು ಸೂಚಿಸುವ ಅರ್ಥವನ್ನಾಗಲಿ ಬದಿಗಿಟ್ಟು ಧ್ವನಿಯ ಗುಣಗಳನ್ನಷ್ಟೇ ಆಲಿಸುವ ಶಿಸ್ತಿಗೆ ಕತ್ತಲೆ ಹೆಚ್ಚು ಸಹಾಯಕ. ಗೋಡೆಯ ಮೇಲಿನ ಕೋಡನ್ನು ಓದಲು ತೊಡಗಿದ ಕಣ್ಣು ಕಿವಿಯ ಪಾಲಿನ ಗಮನವನ್ನೂ ಕಬಳಿಸುತ್ತದೆ. ಮೊದಲು ಕೇಳಿ ಆಮೇಲೆ ಕೋಡ್ ನೋಡುವುದೇ ಒಳ್ಳೆಯ ಕ್ರಮ.

ಈ ಪರಂಪರೆಯಲ್ಲಿ ಜೊಳ್ಳು ಕಡಿಮೆಯೇನಿಲ್ಲ. ನಿಯಮ ಎಷ್ಟು ಜಾಣತನದ್ದೆಂದು ನಾಲ್ಕು ಪುಟ ವಿವರಣೆ ಬರೆದು, ಆ ನಿಯಮದಲ್ಲಿನ ಯಾವ ಬದಲಾವಣೆಯೂ ಕಿವಿಗೆ ಕೇಳದಂಥ ರಚನೆಗಳನ್ನು ಮುಂದಿಡುವವರು ವಿಶ್ವವಿದ್ಯಾಲಯಗಳಲ್ಲೂ ಇದ್ದಾರೆ, ಹೊರಗೂ ಇದ್ದಾರೆ. ನಿಯಮ ಬದಲಾದಾಗ ಅದು ಕೇಳಬೇಕು ಎಂಬುದು ಇವುಗಳನ್ನು ಅಳೆಯಲು ಸಾಕಾಗುವ ಒರೆಗಲ್ಲು. ರಿಸೆಯವರ ಅಂತ್ಯವಿಲ್ಲದ ಪತನ, ಚೌನಿಂಗ್ ಅವರ ವಿಚಿತ್ರ ಹೊಂದಿಕೆ, ಆಟೆಕರ್ ಜೋಡಿಯ ಎಂದೂ ಮರಳಿ ಬಾರದ ಪೆಟ್ಟುಗಳು ಈ ಒರೆಗಲ್ಲಿಗೆ ನಿಲ್ಲುತ್ತವೆ, ಏಕೆಂದರೆ ಅವುಗಳ ಲೆಕ್ಕ ತಿಳಿಯದವರ ಅನುಭವವನ್ನೂ ಆ ಲೆಕ್ಕವೇ ರೂಪಿಸುತ್ತಿದೆ.

ಆರಂಭಿಸಬಯಸುವವರು 20 ನಿಮಿಷಕ್ಕೂ ಕಡಿಮೆಯಿರುವ ‘ಸ್ಟ್ರಿಯಾ’ವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ, ಮಿತವಾದ ಧ್ವನಿಮಟ್ಟದಲ್ಲಿ, ಬೇರೆ ಯಾವ ಕೆಲಸವನ್ನೂ ಮಾಡದೆ ಕೇಳುವುದು ಉಚಿತ, ಬಳಿಕ ‘ಕನ್‌ಫೀಲ್ಡ್’ನ ಮೊದಲ ರಚನೆಯನ್ನು ಬೇರೆಬೇರೆ ದಿನಗಳಲ್ಲಿ ಕೆಲವು ಸಲ ಕೇಳಬಹುದು. ಮಿಲ್ಲರ್ ಪಕೆಟ್ ಅವರೇ ಆಮೇಲೆ ರೂಪಿಸಿದ ಪ್ಯೂರ್ ಡೇಟಾ ಮತ್ತು ಜೇಮ್ಸ್ ಮೆಕಾರ್ಟ್‌ನಿ ಅವರ ಸೂಪರ್‌ಕೊಲೈಡರ್ ಎರಡೂ ಉಚಿತವಾಗಿ ಸಿಗುವ ಮುಕ್ತ ಸಾಫ್ಟ್‌ವೇರ್‌ಗಳು, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಒಂದು ನಿಶ್ಶಬ್ದವಾದ ಕೋಣೆಯನ್ನು, ಎರಡು ಒಳ್ಳೆಯ ಸ್ಪೀಕರುಗಳನ್ನು ಒದಗಿಸಿ, ವೀಣೆ ಕಲಿಯುವವರನ್ನೂ ಕೋಡ್ ಬರೆಯುವವರನ್ನೂ ವಾರಕ್ಕೆ ಒಂದು ಗಂಟೆ ಜೊತೆಗೆ ಕೂರಿಸಿ ಕೇಳಿಸುವ ವ್ಯವಸ್ಥೆಯನ್ನು ಮಾಡಬೇಕು.